ದಿನಾ ಸ್ಕೆಚ್ ಮಾಡೋರು ಪೆನ್ನು, ವಾಟರ್ ಕಲರ್, ಕಲರ್ ಪೆನ್ಸಿಲ್ ಎಲ್ಲಾ ಒಂದೇ ಹಾಳೇಲಿ ಹೇಗೆ ನಿಭಾಯಿಸ್ತೀರ?

ಬಸ್‌ಸ್ಟ್ಯಾಂಡ್_ಗೀಚು:

ಎಲ್ರಿಗೂ ನಮಸ್ಕಾರ. ನಾನು ಆರ್ಟ್ ಸ್ಕೂಲಿಗೆ ಹೋದವಳಲ್ಲ, ಅಕೌಂಟ್ಸ್ ಕೆಲಸ, ಭದ್ರಾವತಿ ಶಿವಮೊಗ್ಗ ದಿನಾ ಬಸ್ಸಲ್ಲಿ ಓಡಾಟ. ಬಸ್ಸಿಗೆ ಕಾಯೋವಾಗ, ಮಧ್ಯಾಹ್ನ ಡಬ್ಬಿ ಖಾಲಿ ಆದ್ಮೇಲೆ ಸಿಗೋ ಕಾಲು ಗಂಟೆ ಇಪ್ಪತ್ ನಿಮಿಷದಲ್ಲಿ ಎ5 ಸೈಜಿನ ಬುಕ್ಕಲ್ಲಿ ಕಂಡಿದ್ದನ್ನ ಬಿಡಿಸ್ತೀನಿ, ಹೂ ಮಾರೋರು, ಕಂಡಕ್ಟರು, ಸೀಟಲ್ಲಿ ಬಾಯಿ ತೆರ್ಕೊಂಡು ನಿದ್ದೆ ಹೊಡೀತಿರೋರು, ದೂರದಲ್ಲಿ ವಿಐಎಸ್ಎಲ್ ಉಕ್ಕಿನ ಕಾರ್ಖಾನೆ ಚಿಮಣಿ, ಇಂಥವೇ. ಮೊದ್ಲು ಬರೀ ಪೆನ್ಸಿಲ್ಲಿತ್ತು, ಆಮೇಲೆ ಇಂಕ್ ಪೆನ್ನು ಬಂತು, ಈಗ ಚಿಕ್ಕ ವಾಟರ್ ಕಲರ್ ಡಬ್ಬಿ, ಮಗನ ಹಳೇ ಕ್ರೇಯಾನು, ಕಲರ್ ಪೆನ್ಸಿಲ್ಲು ಎಲ್ಲಾ ಬ್ಯಾಗ್ ಸೇರ್ಕೊಂಡಿದೆ.

ತೊಂದ್ರೆ ಏನಂದ್ರೆ ಇವ್ಯಾವೂ ಒಂದಕ್ಕೊಂದು ಆಗಿಬರ್ತಿಲ್ಲ. ಮೊನ್ನೆ ಹೂವಿನಮ್ಮ ಮೊಳ ಹಾಕ್ತಿದ್ರು, ಮಾಲೆ ತುದೀನ ಬೆರಳಲ್ಲಿ ಹಿಡ್ಕೊಂಡು ಮೊಣಕೈ ತನಕ ಎಳೀತಾರಲ್ಲ ಆ ಭಂಗಿ ಪೆನ್ನಲ್ಲಿ ನಾಲ್ಕೇ ಗೆರೇಲಿ ಬಂದಿತ್ತು, ಕೈಗೆ ಕಂದು ಬಣ್ಣ ಮುಟ್ಟಿಸಿದ್ದೇ ತಡ ಇಂಕು ಎದ್ದು ಕೈಯೆಲ್ಲಾ ನೀಲಿ. ಇನ್ನೊಂದ್ ಕಡೆ ಕಲರ್ ಪೆನ್ಸಿಲ್ ಮೇಲೆ ನೀರ್ ಬಣ್ಣ ಹಚ್ಚಿದ್ರೆ ಕೆಸುವಿನ ಎಲೆ ಮೇಲಿನ ನೀರಿನ ಥರ ಉರುಳಿ ಹೋಗುತ್ತೆ. ಹಾಳೆ ಸೊಟ್ಟ ಆಗುತ್ತೆ, ಜಾಸ್ತಿ ಉಜ್ಜಿದ್ರೆ ಮೇಲಿನ ಪದರ ಉಂಡೆ ಉಂಡೆಯಾಗಿ ಏಳುತ್ತೆ. (ಪೇಪರ್ ಮಿಲ್ ಇದ್ದ ಊರಲ್ಲಿ ಕೂತು ಒಳ್ಳೇ ಹಾಳೆಗೆ ಪರದಾಡ್ತಿದೀನಿ, ಎಂಪಿಎಂ ಮುಚ್ಚಿ ಎಷ್ಟೋ ವರ್ಷ ಆಯ್ತು ಬಿಡಿ, ಇದ್ದಾಗ್ಲೂ ಅದು ಮಾಡ್ತಿದ್ದಿದ್ದು ನ್ಯೂಸ್‌ಪ್ರಿಂಟು, ಬರೆಯೋ ಕಾಗದ.)

ಇದರ ಮೇಲೆ ಪೇಂಟಿಂಗ್ ಕಲಿತಿರೋ ಗೆಳತಿ ಒಬ್ಳು ‘ಒಂದೂ ಸರಿಯಾಗಿ ಕೈಗೆ ಹತ್ತದೋರು ಎಲ್ಲಾ ಮಿಕ್ಸ್ ಮಾಡ್ತಾರೆ’ ಅಂದ್ಳು. ಯಾವುದರ ಮೇಲೆ ಯಾವುದು ಹಾಕ್ಬೇಕು, ಎಂಥ ಹಾಳೆ ತಗೋಬೇಕು, ಇಲ್ಲಾ ಒಂದನ್ನೇ ಹಿಡ್ಕೊಂಡು ಮಿಕ್ಕಿದ್ದು ಬಿಟ್ಬಿಡ್ಲಾ? ಅನುಭವ ಇರೋರು ಹೇಳಿ ಪ್ಲೀಸ್.

ಮಸಿದೌತಿ:

ಮೇಡಂ, ಇಂಕಿಂದ ಶುರು ಮಾಡಿ, ಮುಕ್ಕಾಲು ರಗಳೆ ಅಲ್ಲೇ ಇರೋದು. ಫೌಂಟೇನ್ ಪೆನ್ನಿಗೆ ಹಾಕೋ ಮಾಮೂಲಿ ಇಂಕು ಡೈ ಇಂಕು, ಬಣ್ಣ ನೀರಲ್ಲಿ ಪೂರ್ತಿ ಕರಗಿರುತ್ತೆ, ಹಾಗಾಗಿ ಒಣಗಿ ವಾರ ಆದ್ರೂ ಒದ್ದೆ ಬ್ರಷ್ ತಾಗಿದ್ರೆ ಎದ್ದು ಬರುತ್ತೆ. ಪಿಗ್ಮೆಂಟ್ ಇಂಕಲ್ಲಿ ಬಣ್ಣ ಕರಗಿರಲ್ಲ, ಸಣ್ಣ ಸಣ್ಣ ಕಣಗಳಾಗಿರುತ್ತೆ, ಒಣಗಿದ್ಮೇಲೆ ಹಾಳೆಯ ನಾರಿಗೆ ಕಚ್ಕೊಂಡು ಕೂರುತ್ತೆ. ಮೈಕ್ರಾನ್ ಥರದ ಫೈನ್‌ಲೈನರಲ್ಲಿ, ಅಂದ್ರೆ ಸಣ್ಣ ತುದಿಯ ಡ್ರಾಯಿಂಗ್ ಪೆನ್ನಲ್ಲಿ, ಇರೋದು ಇದೇ. ಬಾಟಲಿಯಲ್ಲಿ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಅಂತ ಸಿಗುತ್ತಲ್ಲ, ಅದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತೆ, ಅದನ್ನ ಅಪ್ಪಿತಪ್ಪಿ ಫೌಂಟೇನ್ ಪೆನ್ನಿಗೆ ತುಂಬಿಸ್ಬೇಡಿ, ಒಳಗೆ ಕಟ್ಕೊಂಡು ಪೆನ್ನೇ ಹೋಗುತ್ತೆ, ಅದ್ದಿ ಬರೆಯೋ ನಿಬ್ಬಿಗೆ ಮಾತ್ರ ಅದು.

ದುಡ್ಡು ಹಾಕೋಕೆ ಇಷ್ಟ ಇಲ್ವಾ, ಹತ್ತು ರೂಪಾಯಿ ಬಾಲ್ ಪೆನ್ ತಗೊಳ್ಳಿ. ಅದರ ಇಂಕು ಎಣ್ಣೆ ಅಂಶದ್ದು, ಮೇಲೆ ವಾಟರ್ ಕಲರ್ ಹಚ್ಚಿದ್ರೂ ಅಲ್ಲಾಡಲ್ಲ. ಗೋಡೆಗೆ ಹಾಕಿದ್ರೆ ಬೆಳಕಿಗೆ ಮಾಸುತ್ತೆ ನಿಜ, ಮುಚ್ಚಿಟ್ಟ ಬುಕ್ಕಲ್ಲಿ ಏನೂ ಆಗಲ್ಲ. ಜೆಲ್ ಪೆನ್ನು ಮಾತ್ರ ನಂಬೋ ಹಾಗಿಲ್ಲ, ಒಂದು ನಿಲ್ಲುತ್ತೆ ಇನ್ನೊಂದು ಹರಡುತ್ತೆ. ಬುಕ್ಕಿನ ಕೊನೇ ಹಾಳೇಲಿ ನಿಮ್ಮತ್ರ ಇರೋ ಎಲ್ಲಾ ಪೆನ್ನಲ್ಲೂ ಒಂದೊಂದು ಗೆರೆ ಎಳೆದು ಪಕ್ಕದಲ್ಲಿ ಪೆನ್ನಿನ ಹೆಸರು ಬರೀರಿ, ಹತ್ತು ನಿಮಿಷ ಬಿಟ್ಟು ಅರ್ಧ ಗೆರೆ ಮೇಲೆ ಒದ್ದೆ ಬ್ರಷ್ ಎಳೀರಿ, ಯಾರು ಯಾರು ಹೇಗೆ ಅಂತ ಅಲ್ಲೇ ಗೊತ್ತಾಗುತ್ತೆ.

ಆ ಕರಗೋ ನೀಲಿ ಇಂಕನ್ನ ಎಸೀಬೇಡಿ ಮತ್ತೆ. ಬೇರೆ ಬಣ್ಣ ಏನೂ ಹಾಕ್ದೆ ನೆರಳು ಬೇಕಾದ ಕಡೆ ಮಾತ್ರ ಗೆರೆನ ಒದ್ದೆ ಬ್ರಷ್ಷಲ್ಲಿ ಎಳೀರಿ, ಗೆರೆನೂ ನೆರಳೂ ಒಂದೇ ಇಂಕಲ್ಲಿ ಸಿಗುತ್ತೆ. ಬಸ್ಸಲ್ಲಿ ನಿದ್ದೆ ಮಾಡೋರ ಮುಖಕ್ಕೆ ಇದಕ್ಕಿಂತ ಸಲೀಸಾದ್ದು ಇನ್ನೊಂದಿಲ್ಲ.

ಧಾರವಾಡ_ಪೇಡೆ:

ಹಾಳಿ ಬಗ್ಗೆ ನಾ ಹೇಳ್ತೀನ್ರಿ ಅಕ್ಕಾರ. ಸಾಲಿ ಡ್ರಾಯಿಂಗ್ ಬುಕ್ಕಿನ ಹಾಳಿ ಅಂದ್ರ 120, 140 ಜಿಎಸ್ಎಂ (ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ತೂಗ್ತದ ಅನ್ನೂ ಲೆಕ್ಕ) ಆಸುಪಾಸು, ಅದು ಪೆನ್ಸಿಲ್, ಕ್ರೇಯಾನಿಗೆ ಮಾಡಿದ್ದು, ನೀರು ಕುಡಿಸಿದ್ರ ಸೊಟ್ಟ ಆಗೂದ ಖರೆ. ವಾಟರ್ ಕಲರ್ ಮಂದಿ 300 ಜಿಎಸ್ಎಂ ಹಿಡೀತಾರ, ನಿಮ್ಮಂಗ ಪೆನ್ನು ಬಣ್ಣ ಎರಡೂ ಬೇಕನ್ನೋರಿಗೆ 200ರಿಂದ 250ರದ್ದು ಮಿಕ್ಸೆಡ್ ಮೀಡಿಯಾ ಅಂತನ ಬುಕ್ ಬರ್ತಾವ. ಆದ್ರ ಬರೇ ದಪ್ಪ ನೋಡಿ ಮೋಸ ಹೋಗಬ್ಯಾಡ್ರಿ. ಹಾಳಿಗೆ ಗಂಜಿ ಹಾಕಿದಂಗ ಸೈಜಿಂಗ್ ಅಂತ ಮಾಡಿರ್ತಾರ, ಅದು ಕಡಿಮಿ ಇದ್ರ ಎಷ್ಟ ದಪ್ಪ ಇದ್ರೂ ಬಣ್ಣ ಒಳಗ ಇಂಗಿ ಹೋಗಿ ಸಪ್ಪಗ ಕಾಣ್ತದ, ಗೆರಿ ಅಂಚು ಹರಡ್ತದ. ಒಂದ ಹನಿ ನೀರು ಬಿಟ್ಟು ನೋಡ್ರಿ, ಗಪ್ ಅಂತ ಕುಡದ್ರ ಅದು ಬ್ಯಾಡ, ಸ್ವಲ್ಪ ಹೊತ್ತು ಮ್ಯಾಲ ಕುಂತ್ರ ತಗೋರಿ.

ಬುಕ್ ತುಟ್ಟಿ ಅನಿಸಿದ್ರ ಫುಲ್ ಶೀಟ್ ಒಂದು ತರ್ರಿ, 22 ಇಂಚು 30 ಇಂಚು ಇರ್ತದ. ಸ್ಕೇಲ್ ಇಟ್ಟು ಎಂಟು ತುಂಡು ಹರೀರಿ, ಒಂದೊಂದು ಏಳೂವರಿ ಹನ್ನೊಂದು ಇಂಚು ಬರ್ತದ, ಅವನ್ನ ನಡುವ ಮಡಚಿ ನಾಲ್ಕು ನಾಲ್ಕು ಒಂದರೊಳಗ ಒಂದು ಸೇರ್ಸಿ ದಬ್ಬಣದಾಗ ತೂತು ಹಾಕಿ ದಪ್ಪ ದಾರದಾಗ ಹೊಲದ್ರ ಮುಗೀತು, ಎ5ಕಿಂತ ಚೂರು ಸಣ್ಣದು, 16 ಹಾಳಿ, ಎರಡೂ ಬಾಜೂ ಹಿಡದ್ರ 32. ನಾ ರಟ್ಟಿಗೆ ಹಳೇ ಕ್ಯಾಲೆಂಡರ್ ಹಾಕ್ತೀನಿ. ಬಣ್ಣ ಹಚ್ಚೂವಾಗ ಎರಡೂ ತುದಿಗೆ ಕ್ಲಿಪ್ ಹಾಕ್ರಿ, ಆಮ್ಯಾಲೂ ಸೊಟ್ಟ ಆತಂದ್ರ ಹಿಂದಿನ ಬಾಜೂ ತುಸು ನೀರು ಸವರಿ ರಾತ್ರಿ ಡಿಕ್ಷನರಿ ಕೆಳಗ ಇಡ್ರಿ. ಮುಂದಿನ ಬಾಜೂ ಇಂಕು ಕರಗೂದಿದ್ರ ಇದನ್ನ ಮಾಡಬ್ಯಾಡ್ರಿ ಮತ್ತ.

ನೇರಗೆರೆ:

ಎಲ್ರೂ ಸಾಮಾನಿನ ಬಗ್ಗೆನೇ ಹೇಳ್ತಿದೀರ. ನಿಷ್ಠುರ ಅನ್ಸಿದ್ರೂ ಹೇಳ್ತೀನಿ, ಆ ಗೆಳತಿ ಹೇಳಿದ್ರಲ್ಲಿ ಸ್ವಲ್ಪ ಸತ್ಯ ಇದೆ. ಪ್ರೊಪೋರ್ಷನ್ ತಪ್ಪಿದ ಕೈಗೆ ಬಣ್ಣ ಹಚ್ಚಿ, ಬಣ್ಣ ಕೆಟ್ರೆ ಕಲರ್ ಪೆನ್ಸಿಲ್ ತಿಕ್ಕಿ, ಅದೂ ಕೆಟ್ರೆ ವೈಟ್ ಪೆನ್ನಲ್ಲಿ ಚುಕ್ಕಿ ಇಟ್ಟು ಮುಚ್ಚಿಡೋದು ತುಂಬಾ ಕಡೆ ನೋಡ್ತೀವಿ. ಒಂದೇ ಪೆನ್ನು, ಒಂದೇ ಬುಕ್ಕು ಮೂರು ತಿಂಗಳು ಹಿಡಿದು ನೋಡಿ, ಗೆರೆ ತಾನಾಗೇ ಗಟ್ಟಿ ಆಗುತ್ತೆ.

ಉಡುಪಿ_ಡ್ರಾಯಿಂಗ್_ಮಾಸ್ಟ್ರು:

ನೇರಗೆರೆಯವರೇ, ನೀವು ಹೇಳಿದ್ದು ಪರೀಕ್ಷೆಗೆ ಕೂರುವವರಿಗೆ ಸರಿ ಮಾರಾಯ್ರೆ, ಬಸ್ಸಿಗೆ ಕಾಯುತ್ತಾ ಖುಷಿಗೆ ಬಿಡಿಸುವವರಿಗೆ ಯಾಕೆ ಆ ವ್ರತ? ಗೆರೆ ಗಟ್ಟಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ, ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಗೆರೆಯ ಲಯ ಹಿಡಿಯಲಿಕ್ಕೆ ಕಥಕ್ ನೃತ್ಯವನ್ನೇ ಕಲಿತವರು. ಆದ್ರೆ ಅವರು ಎಣ್ಣೆ ಬಣ್ಣದ ದೊಡ್ಡ ಕ್ಯಾನ್ವಾಸೂ ಮಾಡಿದ್ದುಂಟು, ಬರೇ ರೇಖೆಯೂ ಮಾಡಿದ್ದುಂಟು. ಆ ಕಡೆ ಚಿತ್ರಕಲಾವಿದ ಕೆ. ವೆಂಕಟಪ್ಪನವರನ್ನು ನೋಡಿ, ಊಟಿಯ ಬೆಟ್ಟ ಮಂಜನ್ನು ವಾಟರ್ ಕಲರಿನಲ್ಲೇ ಎಷ್ಟು ತಾಳ್ಮೆಯಿಂದ ಕಟ್ಟಿದ್ದಾರೆ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಅವರ ಹೆಸರಿನ ಗ್ಯಾಲರಿಗೆ ಹೋದ್ರೆ ಒಂದು ಚಿತ್ರದ ಎದುರು ಹತ್ತು ನಿಮಿಷವಾದ್ರೂ ನಿಲ್ಲಿ. ಅದು ಒಂದು ದಾರಿ, ಅದೊಂದೇ ದಾರಿ ಅಲ್ಲ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ವಾಟರ್ ಕಲರಿನ ಮೇಲೆ ಉಗುರಲ್ಲಿ ಕೆರೆದು ಬೆಳಕು ತೆಗೆಯುತ್ತಿದ್ದ, ಅವನಿಗೆ ಒಂದೂ ಬರುತ್ತಿರಲಿಲ್ಲವಾ? 2007ರಲ್ಲಿ ಸಿಯಾಟಲಿನ ಗೇಬ್ರಿಯಲ್ ಕಾಂಪನಾರಿಯೊ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಬಳಗದವರು ಸ್ಥಳದಲ್ಲೇ ನೋಡಿ ಬಿಡಿಸಬೇಕು ಅಂತ ಹಟ ಹಿಡೀತಾರೆ, ಯಾವ ಮಾಧ್ಯಮ ಅಂತ ಕೇಳುವುದೇ ಇಲ್ಲ.

ಈಗ ಕ್ರಮಕ್ಕೆ ಬರುವ. ತಂಗೀ, ನೀರಿನ ಕೆಲಸ ಮೊದಲು, ಒಣ ಕೆಲಸ ಆಮೇಲೆ, ಮೇಣ ಕೊನೆಗೆ. ಕಲರ್ ಪೆನ್ಸಿಲಿನಲ್ಲೂ ಮೇಣ ಉಂಟು, ಅದಕ್ಕೇ ನಿಮ್ಮ ಬಣ್ಣ ಉರುಳಿ ಹೋದದ್ದು. ತೆಳು ವಾಟರ್ ಕಲರ್ ಹಚ್ಚಿ, ಕೈಯ ಹಿಂಬದಿಗೆ ತಂಪು ಹತ್ತದಷ್ಟು ಒಣಗಲಿ, ಆಮೇಲೆ ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲ ಎಳೀರಿ, ಹಾಳೆಯ ಉಬ್ಬುಗಳ ಮೇಲೆ ಮಾತ್ರ ಕೂತು ಸೀರೆಯ ನೇಯ್ಗೆ, ಹಳೆ ಗೋಡೆ, ಬಸ್ಸಿನ ತುಕ್ಕು ಎಲ್ಲ ತಾನಾಗಿ ಬರ್ತದೆ. ಮೇಣವನ್ನು ಮೊದಲು ಹಾಕುವುದು ಬೇಕಂತಲೇ ಬಿಳಿ ಉಳಿಸಲಿಕ್ಕೆ. ಮಲ್ಲಿಗೆ ಮೊಗ್ಗಿನ ಮೇಲೆ ಬಿಳಿ ಕ್ರೇಯಾನೋ ಮೇಣದ ಬತ್ತಿಯ ತುಂಡೋ ಒತ್ತಿ ಎಳೆದು ಮೇಲಿಂದ ಹಸಿರು ಹರಿಸಿ, ಮೊಗ್ಗು ಬಿಳಿಯಾಗಿಯೇ ಉಳೀತದೆ. ಮರೆತರೆ ಬಿಳಿ ಪೋಸ್ಟರ್ ಕಲರ್ ದಪ್ಪಕ್ಕೆ ಚುಕ್ಕಿ ಇಡಬಹುದು, ತೀರಾ ದಪ್ಪ ಬೇಡ, ಬುಕ್ ಮಡಚುವಾಗ ಬಿರುಕು ಬಿಟ್ಟು ಉದುರ್ತದೆ.

ನನ್ನದೊಂದು ಹಟ ಮಾತ್ರ ಉಂಟು, ಬ್ಯಾಗಿನಲ್ಲಿ ಐದು ಇರ್ಲಿ, ಒಂದು ಹಾಳೆಗೆ ಮೂರರ ಮೇಲೆ ತೆಗೀಬೇಡಿ. ಯಾವುದು ಅಂತ ಯೋಚಿಸುವಷ್ಟರಲ್ಲಿ ಹೂವಿನವರು ಎದ್ದು ಹೋಗಿರ್ತಾರೆ.

ಬಸ್‌ಸ್ಟ್ಯಾಂಡ್_ಗೀಚು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೊನೇ ಪೇಜ್ ಟೆಸ್ಟ್ ಮಾಡ್ದೆ, ಬ್ಯಾಂಕಲ್ಲಿ ಫ್ರೀ ಕೊಟ್ಟ ಬಾಲ್ ಪೆನ್ನೇ ಗೆದ್ದಿದ್ದು, ನಗು ಬಂತು. ಮೇಣದ ಮೊಗ್ಗು ಕೂಡ ಟ್ರೈ ಮಾಡ್ದೆ ಮಾಸ್ಟ್ರೇ, ಬಿಳಿ ಮೇಲೆ ಬಿಳಿ ಎಳೆಯೋವಾಗ ಏನೂ ಕಾಣ್ಸಲ್ಲ, ಹಾಳೆನ ಬೆಳಕಿಗೆ ಓರೆ ಹಿಡಿದ್ರೆ ಮೇಣ ಮಿರುಗುತ್ತೆ, ಆಗ ಎಲ್ಲಿ ಹಾಕಿದೀನಿ ಅಂತ ಗೊತ್ತಾಗುತ್ತೆ.

ಇನ್ನೊಂದು ಕೇಳೋದಿದೆ. ಒಣಗೋ ತನಕ ಬಿಡಿ ಅಂತೀರ, ನಮ್ಮ ಕಡೆ ಜುಲೈನಲ್ಲಿ ಹಾಳೆ ಒಣಗೋಷ್ಟರಲ್ಲಿ ಎರಡು ಬಸ್ ಹೋಗಿರುತ್ತೆ. ಮಳೆಗಾಲಕ್ಕೆ ಏನ್ ಮಾಡ್ತೀರ?

ಆಗುಂಬೆ_ಕಂಬಳಿ:

ನಮ್ಮೂರಿಗೆ ಬನ್ನಿ ಅಕ್ಕ, ಭದ್ರಾವತಿ ಮಳೆ ಮಳೆನೇ ಅಲ್ಲ ಅನ್ಸುತ್ತೆ 😀 ನಾನು ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಡೆ ನೀರು ಮುಟ್ಟೋದೇ ಇಲ್ಲ. ಸ್ಥಳದಲ್ಲಿ ಬಾಲ್ ಪೆನ್ ಗೆರೆ ಅಷ್ಟೇ, ಬಣ್ಣದ ಹೆಸರನ್ನ ಅಲ್ಲಲ್ಲೇ ಪೆನ್ಸಿಲಲ್ಲಿ ಬರ್ಕೋತೀನಿ, ‘ಹಸಿ ಇಟ್ಟಿಗೆ’, ‘ಕೊಳೆ ಹಳದಿ’, ‘ಪಾಚಿ’ ಅಂತ ನಮಗೆ ತಿಳಿಯೋ ಹಾಗೆ, ಬರೀ ಹಸಿರು ಅಂತ ಬರೆದ್ರೆ ಮಲೆನಾಡಲ್ಲಿ ಏನೂ ಅರ್ಥ ಇಲ್ಲ. ರಾತ್ರಿ ಊಟ ಆದ್ಮೇಲೆ ವಾಶ್ (ತೆಳು ನೀರ್ ಬಣ್ಣ) ಹಾಕಿ ಫ್ಯಾನ್ ಕೆಳಗೆ ಬುಕ್ ತೆರೆದಿಡೋದು, ಕಲರ್ ಪೆನ್ಸಿಲ್ ಕೆಲಸ ಮಾರನೇ ದಿನ ಬಸ್ಸಲ್ಲಿ. ಹೀಗೆ ಮಾಡಿದ್ರೆ ಒಂದು ಚಿತ್ರ ಎರಡು ದಿನಕ್ಕೆ ಹಂಚಿಹೋಗುತ್ತೆ, ಅದರಲ್ಲಿ ತಪ್ಪೇನೂ ಇಲ್ಲ.

ಬಣ್ಣದ ಡಬ್ಬಿನ ಒದ್ದೆ ಇರೋವಾಗ ಮುಚ್ಚಬೇಡಿ. ವಾಟರ್ ಕಲರಲ್ಲಿ ಗೋಂದು ಇರುತ್ತಲ್ಲ, ಈ ತೇವಕ್ಕೆ ಬೂಸ್ಟು ಹಿಡಿಯುತ್ತೆ. ಕ್ರೇಯಾನ್, ಆಯಿಲ್ ಪೇಸ್ಟಲ್ ಹಾಕಿದ ಪುಟ ಎದುರಿನ ಪುಟಕ್ಕೆ ಅಂಟುತ್ತೆ, ಮಧ್ಯ ಬಟರ್ ಪೇಪರ್ ಇಡಿ. ತುಂಬಿದ ಬುಕ್ಕುಗಳನ್ನ ಗೋಡೆಗೆ ಒತ್ತಿದ ಮರದ ಕಪಾಟಲ್ಲಿ ಇಡೋ ಬದ್ಲು ಸ್ಟೀಲ್ ಬೀರುವಲ್ಲಿ ಇಡಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ ಸಿಲಿಕಾ ಜೆಲ್ ಪೊಟ್ಟಣ, ಅದನ್ನ ನಾಲ್ಕು ಸೇರ್ಸಿ ಇಡಿ.

ನೇರಗೆರೆ:

ಬಾಲ್ ಪೆನ್ ಗೆದ್ದಿದ್ದು ಕೇಳಿ ಖುಷಿ ಆಯ್ತು, ನಾನ್ ಹೇಳಿದ್ದೂ ಅದನ್ನೇ ತಾನೇ, ಒಂದೇ ಪೆನ್ನು ಅಂತ. ಮೊಳ ಹಾಕೋ ಕೈ ಇನ್ನೊಮ್ಮೆ ಬಿಡಿಸಿ ಇಲ್ಲಿ ಹಾಕಿ ಮೇಡಂ, ಬಣ್ಣ ಹಚ್ಚೋ ಮುಂಚೆ ಒಂದು ಫೋಟೋ, ಹಚ್ಚಿದ್ಮೇಲೆ ಒಂದು. ಯಾವುದು ವಾಸಿ ಅಂತ ಮಾಸ್ಟ್ರು ನಾನು ಅಲ್ಲಿ ಜಗಳ ಆಡ್ತೀವಿ.