ಸಹಾಯ ಬೇಕು: ಅಮ್ಮನ ರಿಟರ್ನ್‌ಗೆ 139(9) ನೋಟಿಸ್ ಬಂದಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ, ಹಾಸನದಲ್ಲಿ ಟೀಚರ್ ಆಗಿದ್ದವರು, ಈಗ ಪೆನ್ಷನ್ ಬರುತ್ತದೆ. 2024-25ರ ಆದಾಯ ತೆರಿಗೆ ರಿಟರ್ನ್ ಅನ್ನು ನಾನೇ ಹಳೆ ತೆರಿಗೆ ಪದ್ಧತಿಯಲ್ಲಿ ತುಂಬಿದ್ದೆ. ನಿನ್ನೆ ತೆರಿಗೆ ಇಲಾಖೆಯಿಂದ ಮೇಲ್ ಬಂತು. ಪ್ಯಾನ್ ನಂಬರನ್ನು ಸಣ್ಣಕ್ಷರದಲ್ಲಿ ಹಾಕಿ, ಹುಟ್ಟಿದ ತಾರೀಖು ಸೇರಿಸಿ ಪಿಡಿಎಫ್ ತೆರೆದರೆ ಸೆಕ್ಷನ್ 139(9)ರಲ್ಲಿ 'ಡಿಫೆಕ್ಟಿವ್ ರಿಟರ್ನ್', ಅಂದರೆ ರಿಟರ್ನ್‌ನಲ್ಲಿ ದೋಷವಿದೆ ಅಂತ ಇದೆ.

ಆಗಿರುವುದು ಇಷ್ಟು. ಎಫ್‌ಡಿ ಬಡ್ಡಿ 62,400 ರೂಪಾಯಿ, ಬ್ಯಾಂಕು ಅದರಲ್ಲಿ 6,240 ಟಿಡಿಎಸ್ (ಬಡ್ಡಿ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದಿದೆ. ಆ ಟಿಡಿಎಸ್ 26ಎಎಸ್‌ನಿಂದ (ಹಿಡಿದ ತೆರಿಗೆಯ ವಿವರವಿರುವ ಇಲಾಖೆಯ ಪಟ್ಟಿ) ತಾನಾಗಿಯೇ ರಿಟರ್ನ್‌ಗೆ ಬಂದು ಕೂತಿತ್ತು, ನಾನು ರೀಫಂಡ್ ಕೇಳಿದೆ, ಆದರೆ ಬಡ್ಡಿಯನ್ನು ಇತರ ಆದಾಯದಲ್ಲಿ ತೋರಿಸುವುದನ್ನೇ ಮರೆತೆ. ತಪ್ಪು ನನ್ನದೇ.

ಉತ್ತರಕ್ಕೆ 15 ದಿನ ಟೈಮ್ ಇದೆ. ಉತ್ತರ ಕೊಡದಿದ್ದರೆ ರಿಟರ್ನ್ ಹಾಕಿಯೇ ಇಲ್ಲ ಅಂತ ಲೆಕ್ಕವಾಗಬಹುದಂತೆ, ಅದೇ ಭಯ. ಅಮ್ಮ ಆ ಪ್ರಿಂಟ್‌ಔಟನ್ನು ಮಡಚಿ ದೇವರ ಮನೆಯಲ್ಲಿ ಇಟ್ಟಿದ್ದಾರೆ, ಗಂಟೆಗೊಮ್ಮೆ 'ದಂಡ ಜಾಸ್ತಿ ಬೀಳುತ್ತೇನೋ' ಅಂತ ಕೇಳುತ್ತಾರೆ.

ತೆರಿಗೆ ಪೋರ್ಟಲ್‌ನ ಇ-ಪ್ರೊಸೀಡಿಂಗ್ಸ್‌ನಲ್ಲಿ 'ಅಗ್ರೀ' (ತಪ್ಪು ಒಪ್ಪಿದೆ) ಒತ್ತಿ ಸರಿಪಡಿಸಿದ ರಿಟರ್ನ್ ಹಾಕಬೇಕು ಅಲ್ವಾ? ಬೇರೆಯಾಗಿ ಸೆಕ್ಷನ್ 139(5)ರಲ್ಲಿ ರಿವೈಸ್ಡ್ (ನಾವಾಗಿಯೇ ತಿದ್ದಿ ಹಾಕುವ) ರಿಟರ್ನ್ ಕೂಡ ಹಾಕಬೇಕಾ, ಇದೊಂದೇ ಸಾಕಾ? ಹಿರಿಯರಿಗೆ ಬಡ್ಡಿಯ ಮೇಲೆ ಸಿಗುವ 80ಟಿಟಿಬಿ 50,000ದ ವಿನಾಯಿತಿಯನ್ನು ಈಗ ಹೊಸದಾಗಿ ಸೇರಿಸಿದರೆ ಒಪ್ಪುತ್ತಾರಾ? ಆಮೇಲೆ ಮತ್ತೆ ಇ-ವೆರಿಫೈ (ಆನ್‌ಲೈನ್‌ನಲ್ಲಿ ದೃಢೀಕರಣ) ಮಾಡಬೇಕಾ?

ಇದೇ ನೋಟಿಸ್‌ಗೆ ಉತ್ತರ ಕೊಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ಅಂದಾಜಿನ ಮೇಲೆ ಏನೋ ಒತ್ತಿ ಮತ್ತೆ ಅಮ್ಮನ ನಿದ್ದೆ ಕೆಡಿಸುವುದು ನನಗೆ ಬೇಡ.