ಆನ್‌ಲೈನ್ ಅಂಗಡಿಯ ‘ಕಾರ್ಟ್’ಗೆ ಏನನ್ನೋಣ: ಬುಟ್ಟಿ, ಚೀಲ, ಚೀಟಿ, ಯಾದಿ?

ಎಲ್ಲರಿಗೂ ನಮಸ್ಕಾರ.

ನನಗೆ ಎರಡು ಪದ ಬೇಕಾಗಿವೆ. ಅವು ಎಲ್ಲಿ ಬರುತ್ತವೆ ಅಂತ ಮೊದಲು ಹೇಳಿಬಿಡುತ್ತೇನೆ. ಜಾಗ ಗೊತ್ತಿಲ್ಲದೆ ಪದ ಹುಡುಕುವುದು ಕಷ್ಟ ಅಲ್ವಾ?

ನಮ್ಮ ವೈನಿ, ಅಂದರೆ ಅತ್ತಿಗೆ, ಬ್ಯಾಡಗಿ ಹತ್ತಿರದ ಊರಲ್ಲಿದ್ದಾರೆ. ಮನೆಯಲ್ಲೇ ಖಾರಪುಡಿ, ಮಸಾಲೆ ಖಾರ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಇಷ್ಟು ದಿನ ವಾಟ್ಸಾಪ್‌ನಲ್ಲೇ ವ್ಯಾಪಾರ ನಡೆಯುತ್ತಿತ್ತು. ಈಗ ಸ್ವಂತ ವೆಬ್‌ಸೈಟ್ ಆಗುತ್ತಿದೆ. ಅದನ್ನು ಕಟ್ಟುವ ಕೆಲಸ ನನ್ನದು. ಪೂರ್ತಿ ಕನ್ನಡದಲ್ಲೇ ಇರಬೇಕು ಅಂತ ವೈನಿ ಮೊದಲ ದಿನವೇ ಹೇಳಿದರು. ಅವರ ಗಿರಾಕಿಗಳಲ್ಲಿ ಜಾಸ್ತಿ ಜನ ಮನೆ ನಡೆಸುವ ಹೆಂಗಸರು. ಫೋನಿನಲ್ಲಿ ಕನ್ನಡ ಸಲೀಸಾಗಿ ಓದುತ್ತಾರೆ, ಇಂಗ್ಲಿಷ್ ಗುಂಡಿ ಕಂಡರೆ ಅಲ್ಲೇ ನಿಂತುಬಿಡುತ್ತಾರೆ.

ಮೊದಲ ಪದ ‘ಕಾರ್ಟ್’. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲಿ ಕನ್ನಡಕ್ಕೆ ಬಂದವು. ‘ಕಾರ್ಟ್‌ಗೆ ಸೇರಿಸಿ’ ಅನ್ನುವುದು ಈಗ ಕಣ್ಣಿಗೆ ರೂಢಿಯಾಗಿದೆ. ಆದರೆ ಕಾರ್ಟ್ ಅಂದರೆ ಏನು ಅಂತ ವೈನಿಯನ್ನು ಕೇಳಿದರೆ, "ಒತ್ತೂ ಗುಂಡಿ" ಅಂದರು. ಮಾಲ್‌ನಲ್ಲಿ ತಳ್ಳಿಕೊಂಡು ಹೋಗುವ ಗಾಡಿ ಅವರ ಕಣ್ಣ ಮುಂದೆ ಬರುವುದೇ ಇಲ್ಲ. ಅವರಿಗೆ ಗೊತ್ತಿರುವುದು ಸಂತೆ, ಕಿರಾಣಿ ಅಂಗಡಿ.

ಅದಕ್ಕೇ ‘ಬುಟ್ಟಿಗೆ ಹಾಕಿ’ ಅಂತ ಬರೆದೆ. ಫೋನಿನಲ್ಲಿ ನೋಡಿದರೆ ‘ಬುಟಿಗೆ ಹಾಕಿ’ ಅಂತ ಕಾಣುತ್ತಿತ್ತು! ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು, ಹಾಗಾಗಿ ಟಕಾರದ ಒತ್ತು ಕೆಳಗೆ ಕತ್ತರಿಸಿ ಹೋಗಿತ್ತು. ಸಾಲಿನ ಎತ್ತರವನ್ನು ಅಕ್ಷರದ 1.2 ಪಟ್ಟಿನಿಂದ 1.6 ಪಟ್ಟಿಗೆ ಏರಿಸಿದೆ, ಗುಂಡಿಯ ಕೆಳಗಡೆ ಸ್ವಲ್ಪ ಜಾಗ ಬಿಟ್ಟೆ. ಆಮೇಲೆ ಒತ್ತು ಪೂರ್ತಿ ಕಂಡಿತು. ಕನ್ನಡ ಸೈಟ್ ಮಾಡುವವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಇದನ್ನು ಮೊದಲೇ ನೋಡಿಕೊಳ್ಳಿ. ‘ಲಕ್ಷ್ಮಿ’, ‘ವಸ್ತ್ರ’ ಅಂಥ ಎರಡು ಒತ್ತಿನ ಪದ ಹಾಕಿ ನೋಡಿದರೆ ಎಲ್ಲಿ ಕತ್ತರಿಸುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ.

ಅಕ್ಷರ ಸರಿಹೋಯಿತು, ಅರ್ಥ ಸರಿಹೋಗಲಿಲ್ಲ. ‘ಬುಟ್ಟಿಗೆ ಹಾಕಿಕೊಳ್ಳು’ ಅಂದರೆ ಮರುಳು ಮಾಡಿ ತನ್ನ ಕಡೆ ಎಳೆದುಕೊಳ್ಳುವುದು ಅಂತ ನಮ್ಮಲ್ಲಿ ಮಾತೇ ಇದೆ. ಗಿರಾಕಿಯ ನಂಬಿಕೆ ಬೇಡುವ ಹೊಸ ಅಂಗಡಿಗೆ ಅದರ ನೆರಳೂ ಬೇಡ ಅನಿಸಿತು. ಮೇಲಾಗಿ ಕಂಪ್ಯೂಟರ್‌ನಲ್ಲಿ ಬುಟ್ಟಿ ಅಂದರೆ ಕಸದ ಬುಟ್ಟಿ ಅನ್ನುವ ಹಾಗೆ ಆಗಿದೆ.

ಆಮೇಲೆ ‘ಚೀಲ’ ಹಾಕಿ ನೋಡಿದೆ. ಬೆಂಗಳೂರಿನಲ್ಲಿ ಕೂತು ನೋಡಿದರೆ ಚೆನ್ನಾಗಿಯೇ ಇತ್ತು. ಬ್ಯಾಡಗಿಯಲ್ಲಿ ಹಾಗಲ್ಲ. ಅಲ್ಲಿನ ಮಾರುಕಟ್ಟೆಗೆ ಮೆಣಸಿನಕಾಯಿ ಬರುವುದೇ ಚೀಲದ ಲೆಕ್ಕದಲ್ಲಿ. ಸುಗ್ಗಿಯ ದಿನಗಳಲ್ಲಿ ಲಕ್ಷದ ಮೇಲೆ ಚೀಲ ಬಂತು ಅಂತ ಪೇಪರಿನಲ್ಲಿ ಓದುತ್ತೇವಲ್ಲ. ಪರದೆಯ ಮೂಲೆಯಲ್ಲಿ ‘ಚೀಲ 2’ ಅಂತ ಕಂಡಾಗ ವೈನಿ ಗಾಬರಿಯಾದರು. "ಎರಡು ಚೀಲ ಅಂದ್ರ ಎಲ್ಲಿಂದ ತಂದು ಕೊಡೂದು? ನಾ ಮಾಡೂದು ಅರ್ಧ ಕಿಲೋ, ಒಂದು ಕಿಲೋ ಪಾಕೀಟು."

ಆಗ ಒಂದು ಸಂಗತಿ ಹೊಳೆಯಿತು. ಅಂಗಡಿಯಲ್ಲಿ ನಿಂತ ಗಿರಾಕಿ ಏನಂತಾರೆ? "ಅರ್ಧ ಕಿಲೋ ಹಾಕ್ರಿ" ಅಂತಾರೆ. ಮೈಸೂರಾದರೆ "ಅರ್ಧ ಕೆಜಿ ಹಾಕಿ." ಯಾವುದಕ್ಕೆ ಹಾಕಬೇಕು ಅಂತ ಯಾರೂ ಹೇಳುವುದಿಲ್ಲ. ಹಾಗಿದ್ದ ಮೇಲೆ ಗುಂಡಿಯ ಮೇಲೆ ಬುಟ್ಟಿಯೂ ಬೇಡ, ಕಾರ್ಟೂ ಬೇಡ. ‘ಅರ್ಧ ಕೆಜಿ ಹಾಕಿ’ ಅಂದರೆ ಮುಗಿಯಿತು. ಗಿರಾಕಿಯ ಬಾಯಿಂದ ಬರುವ ಮಾತೇ ಗುಂಡಿಯ ಮೇಲೆ ಕೂತಿತು. ಕಂಪ್ಯೂಟರ್‌ನ ‘ಸೇವ್’ ಗುಂಡಿಗೆ ‘ಉಳಿಸು’ ಸರಿಯೋ ‘ಉಳಿಸಿ’ ಸರಿಯೋ ಅನ್ನುವ ಹಳೆಯ ಚರ್ಚೆ ಇದೆ. ಕಂಪ್ಯೂಟರ್‌ಗೆ ನಾವು ಹೇಳುವುದಾದರೆ ‘ಉಳಿಸು’, ಕಂಪ್ಯೂಟರ್ ನಮ್ಮನ್ನು ಕೇಳುವುದಾದರೆ ‘ಉಳಿಸಿ’. ಅಂಗಡಿಯಲ್ಲಿ ಈ ಜಗಳವೇ ಇಲ್ಲ. ಗಿರಾಕಿ ಅಂಗಡಿಯವರಿಗೆ ಹೇಳಲಿ, ಅಂಗಡಿಯವರು ಗಿರಾಕಿಗೆ ಹೇಳಲಿ, ಎರಡೂ ಮರ್ಯಾದೆಯ ಮಾತೇ. ಹಾಗಾಗಿ ‘ಹಾಕಿ’ ಎರಡು ಕಡೆಯಿಂದಲೂ ಒಪ್ಪುತ್ತದೆ.

ಆದರೆ ಹಾಕಿದ್ದನ್ನೆಲ್ಲ ಒಟ್ಟಿಗೆ ನೋಡುವ ಪುಟಕ್ಕೆ ಒಂದು ಹೆಸರು ಬೇಕೇಬೇಕು. ನನ್ನ ಮನಸ್ಸು ‘ಯಾದಿ’ ಕಡೆಗಿದೆ. ನಮ್ಮ ಉತ್ತರ ಕರ್ನಾಟಕದ ಕಡೆ ಕಿರಾಣಿ ಅಂಗಡಿಗೆ ಹೋಗುವಾಗ ಸಾಮಾನಿನ ಯಾದಿ ಬರೆದುಕೊಂಡು ಹೋಗುತ್ತೇವೆ. ಅಂಗಡಿಯವರು ಅದನ್ನು ನೋಡಿ ಒಂದೊಂದೇ ತೂಗಿ ಇಡುತ್ತಾರೆ. ಕಾರ್ಟ್ ಮಾಡುವ ಕೆಲಸವೂ ಅದೇ ತಾನೇ? ಹಳೆ ಮೈಸೂರಿನವರು ಇದನ್ನೇ ಚೀಟಿ ಅನ್ನುತ್ತಾರೆ. ‘ನಿಮ್ಮ ಚೀಟಿ’ ಅಂದರೆ ಚೀಟಿ ವ್ಯವಹಾರ ನೆನಪಾಗುತ್ತದೆಯೋ ಏನೋ. ‘ಪಟ್ಟಿ’ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಬೆಲೆಪಟ್ಟಿಯೂ ಪಟ್ಟಿಯೇ. ಮಂಗಳೂರು, ಕೊಡಗು, ಚಾಮರಾಜನಗರ ಕಡೆಯವರು ದಯವಿಟ್ಟು ಹೇಳಿ: ‘ನಿಮ್ಮ ಯಾದಿ’ ಅಂತ ಕಂಡರೆ ನಿಮ್ಮ ಮನೆಯವರಿಗೆ ತಕ್ಷಣ ಅರ್ಥವಾಗುತ್ತದೆಯೇ?

ಎರಡನೆಯದು ‘ಚೆಕ್‌ಔಟ್’, ಅಂದರೆ ಸಾಮಾನು ಆರಿಸಿದ ಮೇಲೆ ಆರ್ಡರ್ ಮುಗಿಸಲು ಒತ್ತುವ ಗುಂಡಿ. ಹೋಟೆಲ್ ರೂಮು ಬಿಡುವುದಕ್ಕೂ ಇದೇ ಪದ. ನಾನು ‘ಹಣ ಪಾವತಿಸಿ’ ಅಂತ ಹಾಕಿದ್ದೆ. ಪಕ್ಕದ ಮನೆಯ ಅತ್ತಿಯವರಿಗೆ ಫೋನ್ ಕೊಟ್ಟು ನೋಡಿದೆವು. ಖಾರಪುಡಿ ಆರಿಸಿದರು, ತೂಕ ಆರಿಸಿದರು, ಆ ಗುಂಡಿಯ ಹತ್ತಿರ ಬಂದು ಬೆರಳು ಎತ್ತಿಬಿಟ್ಟರು. "ಸಾಮಾನು ಬಂದಮ್ಯಾಲ ರೊಕ್ಕ ಕೊಡ್ತೀನಿ, ಈಗ ಒತ್ತಂಗಿಲ್ಲ." ಅವರ ಮಾತು ಸರಿ. ಮನೆ ಬಾಗಿಲಲ್ಲಿ ಹಣ ಕೊಡುವ ದಾರಿ ಮುಂದಿನ ಪುಟದಲ್ಲಿತ್ತು, ಆದರೆ ಗುಂಡಿ ಅದನ್ನು ಮುಚ್ಚಿಟ್ಟಿತ್ತು. ಇನ್ನೊಂದು ತೊಡಕೂ ಇದೆ. ನಮ್ಮ ಕಡೆ ಪಾವತಿ ಅಂದರೆ ರಸೀದಿಯೂ ಹೌದು. "ರೊಕ್ಕ ಕಟ್ಟಿ ಪಾವತಿ ತಗೊಂಡು ಬಾ" ಅನ್ನುತ್ತೇವೆ.

ಈಗ ಅಲ್ಲಿ ‘ಲೆಕ್ಕ ನೋಡಿ’ ಅಂತ ಹಾಕಿದ್ದೇನೆ. ಒತ್ತಿದರೆ ಸಾಮಾನಿನ ಬೆಲೆ, ತೆರಿಗೆ, ಕಳಿಸುವ ಖರ್ಚು, ಒಟ್ಟು ಮೊತ್ತ ಎಲ್ಲ ಬಿಡಿಸಿ ಕಾಣುತ್ತದೆ. 2020ರ ಇ-ಕಾಮರ್ಸ್ ನಿಯಮಗಳು ಕೇಳುವುದೂ ಅದನ್ನೇ: ಒಟ್ಟು ಬೆಲೆ ಒಂದೇ ಅಂಕಿಯಲ್ಲಿ ಇರಬೇಕು, ಜೊತೆಗೆ ಅದರ ಬಿಡಿ ವಿವರವೂ ಇರಬೇಕು. ಗಿರಾಕಿಯ ಒಪ್ಪಿಗೆಗೆ ನಾವೇ ಮೊದಲೇ ಟಿಕ್ ಹಾಕಿಡುವ ಹಾಗಿಲ್ಲ ಅನ್ನುವುದೂ ಅದರಲ್ಲೇ ಇದೆ. ಲೆಕ್ಕದ ಕೆಳಗೆ ಕೊನೆಯ ಗುಂಡಿ ‘ಆರ್ಡರ್ ಮಾಡಿ’. ಇದನ್ನು ಕನ್ನಡ ಮಾಡಲು ಹೋಗಲಿಲ್ಲ, ಅತ್ತಿಯವರೂ ಆರ್ಡರ್ ಅಂತಲೇ ಅನ್ನುವುದು. ಎರಡನೇ ಸಲ ಅವರು ಎಲ್ಲೂ ನಿಲ್ಲದೆ ಕೊನೆಯವರೆಗೆ ಹೋದರು. ‘ಲೆಕ್ಕ ನೋಡಿ’ಗಿಂತ ಒಳ್ಳೆಯದು ನಿಮಗೆ ಹೊಳೆದರೆ ಹೇಳಿ. ‘ಬಿಲ್ ಮಾಡಿ’ ಅಂತ ಗೆಳೆಯರೊಬ್ಬರು ಅಂದರು, ಅದೂ ಕೆಟ್ಟದ್ದಲ್ಲ.

ಜೊತೆಗೆ ಇನ್ನೊಂದು ಸಹಾಯ ಬೇಕು. ಸಾಮಾನಿನ ಹೆಸರಲ್ಲೂ ಗೊಂದಲವಿದೆ. ‘ಮೆಣಸು’ ಅಂತ ಒಂದು ವಿಭಾಗ ಮಾಡಿದ್ದೆ. ಮೈಸೂರಿನವರಿಗೆ ಅದು ಕಾಳುಮೆಣಸು. ಮಂಗಳೂರಿನವರಿಗೆ ಕೆಂಪು ಮೆಣಸಿನಕಾಯಿ, ಅವರಲ್ಲಿ ಕಾಳುಮೆಣಸಿಗೆ ಒಳ್ಳೆಮೆಣಸು ಅಂತ ಬೇರೆ ಹೆಸರೇ ಇದೆ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಮೆಣಸಿನಕಾಯಿ ಬರುವ ಮುಂಚೆ ಮೆಣಸು ಅಂದರೆ ಒಂದೇ ಇತ್ತು. ‘ಖಾರ’ ನಮ್ಮಲ್ಲಿ ಡಬ್ಬಿಯಲ್ಲಿರುವ ಪುಡಿ, ತೆಂಕಣದವರಿಗೆ ಬರೀ ರುಚಿ. ‘ಡಬ್ಬಿ’ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಒಂದು ಬಗೆ, ಇನ್ನೊಂದು ‘ಕಡ್ಡಿ’. ‘ಡಬ್ಬಿ ಖಾರಪುಡಿ’ ಅಂದರೆ ಡಬ್ಬಿಯಲ್ಲಿ ತುಂಬಿ ಕಳಿಸುತ್ತೀರಾ ಅಂತ ಈಗಾಗಲೇ ಒಬ್ಬರು ಕೇಳಿದ್ದಾರೆ. ಬ್ಯಾಡಗಿಯದ್ದು ಬಣ್ಣ ಜಾಸ್ತಿ, ಖಾರ ಕಡಿಮೆ. ಈ ಸಾಲನ್ನೂ ನಮ್ಮ ಕಡೆಯ ಕಿವಿಯಲ್ಲಿ ಒಮ್ಮೆ ಕೇಳಿ ನೋಡಿ!

ಸದ್ಯಕ್ಕೆ ಪ್ರತಿ ಪುಟದಲ್ಲೂ ಎರಡೂ ಹೆಸರು ಬರೆಯುತ್ತಿದ್ದೇನೆ. ಶೇಂಗಾ ಜೊತೆ ಕಡಲೆಕಾಯಿ, ಗುರೆಳ್ಳು ಜೊತೆ ಹುಚ್ಚೆಳ್ಳು, ಪುಟಾಣಿ ಜೊತೆ ಹುರಿಗಡಲೆ. ಹುಡುಕುವವರು ತಮ್ಮ ಮನೆಯ ಮಾತನ್ನೇ ತಾನೇ ಟೈಪ್ ಮಾಡುವುದು. ಅಗಸಿಗೆ, ಮಸಾಲೆ ಖಾರಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಊರಿನ ಹೆಸರಿನ ಜೊತೆ ಬರೆದು ಕಳಿಸಿದರೆ ಹಾಗೇ ಸೇರಿಸುತ್ತೇನೆ.