ಅಂಟು ಒಣಗುವುದೋ, ಹಿಡಿಯುವುದೋ, ಬಲಿಯುವುದೋ?

ಪ್ರಶ್ನೆ: ಬಾಲ್ಸಾ ಎಂಬ ಹಗುರ ಮರದ ಮಾದರಿ ವಿಮಾನ ಕಟ್ಟುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಅಂಟಿನ ವಿಷಯದಲ್ಲಿ ಡ್ರೈ, ಸೆಟ್, ಕ್ಯೂರ್ ಎಂಬ ಮೂರು ಮಾತು ಬರುತ್ತವೆ. ಮೂರಕ್ಕೂ ‘ಒಣಗು’ ಎಂದರೆ ಸಾಕಲ್ಲವೇ?

ಉತ್ತರ: ಸಾಲದು. ಒಣಗುವುದೆಂದರೆ ಪಸೆ ಹೋಗುವುದು. ನೀರಿನಂಶವಿರುವ ಪಿವಿಎ ಮರದಂಟಿಗೂ ದ್ರಾವಕ ಆವಿಯಾಗುವ ಸೆಲ್ಯುಲೋಸ್ ಸಿಮೆಂಟ್ ಎಂಬ ಅಂಟಿಗೂ ಆ ಮಾತು ಒಪ್ಪುತ್ತದೆ. ಪಿವಿಎಯಲ್ಲಿನ ನೀರು ಕುಡಿದು ತೆಳು ಬಾಲ್ಸಾ ಹಾಳೆ ಸೊಟ್ಟಗಾಗುವುದು, ಸಿಮೆಂಟು ಕುಗ್ಗುತ್ತ ರೆಕ್ಕೆಯ ಚೌಕಟ್ಟನ್ನೇ ಎಳೆದು ತಿರುಚುವುದು, ಎರಡೂ ಒಣಗುವ ಅಂಟಿನ ಕಾಟಗಳೇ.

ಎಪಾಕ್ಸಿ ಒಣಗುವುದೇ ಇಲ್ಲ. ಅದರ ಎರಡು ಭಾಗಗಳಾದ ರಾಳವೂ ಹಾರ್ಡನರೂ (ಗಟ್ಟಿಯಾಗಿಸುವ ದ್ರವ) ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತವೆ. ‘ಒಣಗಲು ಬಿಡಿ’ ಎಂದು ಬರೆದರೆ ಓದುಗರು ಫ್ಯಾನ್ ಕೆಳಗೆ ಇಟ್ಟಾರು. ಬೇಕಿರುವುದು ಗಾಳಿಯಲ್ಲ, ಬೆಚ್ಚಗಿನ ಜಾಗ. ಬೇಗ ಆಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ರಬ್ಬರಿನ ಹಾಗೆ ಮೆತ್ತಗೇ ಉಳಿದೀತು. ‘5 ನಿಮಿಷದ ಎಪಾಕ್ಸಿ’ ಎಂಬಲ್ಲಿಯ 5 ನಿಮಿಷ ಕಲಸಿ ಹಚ್ಚಲು ಸಿಗುವ ಹೊತ್ತು ಮಾತ್ರ. ಆಮೇಲೆ ಅದು ಹೆಪ್ಪುಗಟ್ಟುತ್ತದೆ. ಪೂರ್ತಿ ಬಲ ಬರಲು ಸುಮಾರು 24 ಗಂಟೆ ಬೇಕು. ಎಂಜಿನ್ ಕೂರುವ ಫೈರ್‌ವಾಲ್ ಹಲಗೆಗೆ ಇದೇ ಅಂಟು, ಹಾಗಾಗಿ ಇಲ್ಲಿ ಪದ ತಪ್ಪಿದರೆ ಎಂಜಿನ್ನೇ ಕಿತ್ತುಬರಬಹುದು.

ಸೈನೋಅಕ್ರಿಲೇಟ್, ಅಂದರೆ ಸೂಪರ್ ಗ್ಲೂದು ಪೂರಾ ಉಲ್ಟಾ. ಅದಕ್ಕೆ ಗಟ್ಟಿಯಾಗಲು ಪಸೆಯೇ ಬೇಕು! ಮರದ ಮೈಮೇಲಿನ, ಗಾಳಿಯಲ್ಲಿನ ತೇವದಿಂದ ಅದು ಹಿಡಿಯುತ್ತದೆ. ತೆಳುವಾದದ್ದು ಬಿಗಿಯಾಗಿ ಕೂಡಿದ ಸಂದಿಗೆ ತಾನೇ ಇಳಿದು ಕೆಲವೇ ಸೆಕೆಂಡಿನಲ್ಲಿ ಕಚ್ಚಿಕೊಳ್ಳುತ್ತದೆ. ಸಂದಿ ಅಗಲವಿದ್ದರೆ ದಪ್ಪನೆಯದೇ ಆಗಬೇಕು.

ಆದ್ದರಿಂದ ಸೆಟ್ ಎಂಬುದಕ್ಕೆ ‘ಹಿಡಿ’: ಕೈ ಬಿಟ್ಟರೂ ಜೋಡಣೆ ಕದಲದ ಹಂತ. ಕ್ಯೂರ್‌ಗೆ ‘ಬಲಿ’: ಜೋಡಣೆ ಭಾರ ಹೊರುವ ಹಂತ. ತೆಂಗಿನಕಾಯಿ ಬಲಿಯುವ ಹಾಗೆ, ಒಳಗಿನಿಂದ ಗಟ್ಟಿಯಾಗುವುದು. ‘ಪಿವಿಎ ಒಂದು ಗಂಟೆಯೊಳಗೆ ಹಿಡಿಯುತ್ತದೆ, ಪಿನ್ನು ತೆಗೆಯಬಹುದು, ಮರುದಿನ ಬಲಿತ ಮೇಲಷ್ಟೇ ಸ್ಯಾಂಡ್‌ಪೇಪರ್ ಹಾಕಿ’ ಎಂದರೆ ಗೊಂದಲವಿಲ್ಲ.

ಇನ್ನೊಬ್ಬರು: ‘ಹಿಡಿ’ ಚೆನ್ನಾಗಿದೆ. ಆದರೆ ತಲೆಬರಹದಲ್ಲಿ ‘ಬಲಿ ಸಮಯ’ ಎಂದು ಬರೆದುಬಿಟ್ಟೀರಿ, ಓದುವವರು ಕುರಿ ಹುಡುಕಿಯಾರು. ‘ಬಲಿಯುವ ಅವಧಿ’ ಎನ್ನಿ. ಕಾಂಟ್ಯಾಕ್ಟ್ ಅಂಟಿಗೆ ಮಾತ್ರ ‘ಆರು’ ಬೇಕು: ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಅಲ್ಲಿ ‘ಹಿಡಿದ ಮೇಲೆ ಜೋಡಿಸಿ’ ಎಂದರೆ ಅರ್ಥವೇ ಆಗದು.